ಎರಡು ಲಾಜಿಕ್ ಪ್ರೋಗ್ರಾಂ ಒಂದೇನಾ? ಹೀಗೆ ನೋಡಿ

ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗರು ಲಾಜಿಕ್ ಪ್ರೋಗ್ರಾಂ (ಅಂದರೆ ‘ಇದಿದ್ದರೆ ಅದು’ ಎನ್ನುವಂಥ ನಿಯಮಗಳ ಪಟ್ಟಿ) ಬರೆದು, ಆಮೇಲೆ ನಿಯಮಗಳನ್ನು ಚಿಕ್ಕದು ಮಾಡಿ, ಹಳೆಯದು ಹೊಸದು ಎರಡನ್ನೂ ಓಡಿಸಿ, ಉತ್ತರ ಒಂದೇ ಬಂತು ಅಂತ ಹಳೆಯದನ್ನು ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲ ಹಂತ ಸುಲಭ. ಎರಡನ್ನೂ ಕ್ಲಿಂಗೋದಲ್ಲಿ, ಅಂದರೆ ಇಂಥ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್‌ನಲ್ಲಿ, ಓಡಿಸಿ. ಕಮಾಂಡ್ ಜೊತೆಗೆ 0 ಕೊಡಿ, ಇಲ್ಲದಿದ್ದರೆ ಒಂದೇ ಆನ್ಸರ್ ಸೆಟ್ (ನಿಯಮಗಳಿಗೆ ಒಪ್ಪುವ, ಆಧಾರ ಇರುವ ಹೆಸರುಗಳಷ್ಟೇ ಇರುವ ಒಂದು ಉತ್ತರ) ತೋರಿಸಿ ನಿಂತುಬಿಡುತ್ತದೆ. ಸೆಟ್‌ಗಳು ಬೇರೆಯಾದರೆ ಅಲ್ಲಿಗೇ ಮುಗಿಯಿತು.

ಒಂದೇ ಬಂದರೆ ಕಷ್ಟದ ಹಂತ ಈಗ ಶುರು. ಅಡಿಕೆ ಸುಲಿಯಲು ಯಾರು ಬರುತ್ತಾರೆ ಎಂದು ಬರೆಯೋಣ. ಮೊದಲ ಪ್ರೋಗ್ರಾಂ: ಅಕ್ಕ ಅಥವಾ ತಂಗಿ ಬರುತ್ತಾಳೆ. ಎರಡನೆಯದು: ತಂಗಿ ಬರುವುದಕ್ಕೆ ಆಧಾರ ಇಲ್ಲದಿದ್ದರೆ ಅಕ್ಕ, ಅಕ್ಕ ಬರುವುದಕ್ಕೆ ಆಧಾರ ಇಲ್ಲದಿದ್ದರೆ ತಂಗಿ. ಎರಡರಲ್ಲೂ ಅವೇ ಎರಡು ಸೆಟ್: ಅಕ್ಕ ಮಾತ್ರ, ತಂಗಿ ಮಾತ್ರ. ಈಗ ಎರಡಕ್ಕೂ ‘ಅಕ್ಕ ಬಂದರೆ ತಂಗಿಯೂ, ತಂಗಿ ಬಂದರೆ ಅಕ್ಕನೂ’ ಎಂದು ಸೇರಿಸಿ. ಮೊದಲನೆಯದರಲ್ಲಿ ಇಬ್ಬರೂ ಬರುತ್ತಾರೆ. ಎರಡನೆಯದಕ್ಕೆ ಆನ್ಸರ್ ಸೆಟ್ಟೇ ಇಲ್ಲ!

ಏನು ಸೇರಿಸಿದರೂ ಒಂದೇ ಉತ್ತರ ಬರಬೇಕು, ಅದೇ ಸ್ಟ್ರಾಂಗ್ ಈಕ್ವಿವಲೆನ್ಸ್. ಅದನ್ನು ಪರೀಕ್ಷಿಸುವ ದಾರಿಯನ್ನು 2001ರಲ್ಲಿ ಸಂಶೋಧಕರಾದ ಲಿಫ್‌ಶಿಟ್ಸ್, ಪಿಯರ್ಸ್, ವಾಲ್ವೆರ್ಡೆ ಕೊಟ್ಟರು. ಎರಡು ಸೆಟ್‌ಗಳ ಜೋಡಿ ತಗೊಳ್ಳಿ. ದೊಡ್ಡದು ಊಹೆ, ಚಿಕ್ಕದು ಅದರೊಳಗೇ ಇರಬೇಕು, ಸಮ ಇದ್ದರೂ ಸರಿ. ಊಹೆ ಇಡೀ ಪ್ರೋಗ್ರಾಂಗೆ ಒಪ್ಪಬೇಕು. ಆಮೇಲೆ ‘ಇಲ್ಲದಿದ್ದರೆ’ ಅನ್ನುವ ಭಾಗಗಳನ್ನು ಊಹೆ ನೋಡಿ ತೀರ್ಮಾನಿಸಿ, ಆ ಭಾಗ ಸುಳ್ಳಾದ ನಿಯಮ ತೆಗೆಯಿರಿ, ಉಳಿದ ನಿಯಮಗಳಿಗೆ ಚಿಕ್ಕ ಸೆಟ್ ಒಪ್ಪುತ್ತಾ ನೋಡಿ. ಪಾಸಾದ ಜೋಡಿಗಳ ಪಟ್ಟಿ ಎರಡಕ್ಕೂ ಒಂದೇ ಆಗಿರಬೇಕು. ನಮ್ಮ ಉದಾಹರಣೆಯಲ್ಲಿ ಒಟ್ಟು 9 ಜೋಡಿ. ಚಿಕ್ಕದು ಖಾಲಿ, ದೊಡ್ಡದರಲ್ಲಿ ಇಬ್ಬರೂ ಇರುವ ಜೋಡಿ ನೋಡಿ: ಎರಡನೆಯ ಪ್ರೋಗ್ರಾಂನಲ್ಲಿ ನಿಯಮಗಳೆಲ್ಲ ಬಿದ್ದುಹೋಗಿ ಅದು ಪಾಸಾಗುತ್ತದೆ, ಮೊದಲನೆಯದರಲ್ಲಿ ‘ಅಥವಾ’ ನಿಯಮ ಹಾಗೇ ಉಳಿದು ಫೇಲ್ ಮಾಡುತ್ತದೆ.

ಮಾಮೂಲಿ ಟ್ರೂತ್ ಟೇಬಲ್ (ಪ್ರತಿ ಹೆಸರು ನಿಜ, ಸುಳ್ಳು ಎಂದು ಹಾಕಿ ನೋಡುವ ಪಟ್ಟಿ) ಸಾಕು ಅನ್ನುವವರಿದ್ದಾರೆ. ಸಾಲದು, ಅದು ಎರಡೂ ಸೆಟ್ ಸಮ ಇರುವ ಜೋಡಿಗಳನ್ನಷ್ಟೇ ನೋಡುತ್ತದೆ. ಟೇಬಲ್ ಬೇರೆಯಾದರೆ ಪ್ರೋಗ್ರಾಂ ಖಂಡಿತ ಬೇರೆ, ಆದರೆ ಒಂದೇ ಬಂದರೆ ಏನೂ ಸಾಬೀತಾಗಲ್ಲ. ಸುಮ್ನೆ ಅದೂ ಇದೂ ನಿಯಮ ಸೇರಿಸಿ ನೋಡುವುದೂ ಅಷ್ಟೇ.

ಅಕ್ಕ, ತಂಗಿ ತರಹ ಒಂದೊಂದು ಹೆಸರು ಸೇರಿದಾಗಲೂ ಜೋಡಿಗಳು ಮೂರು ಪಟ್ಟು ಜಾಸ್ತಿ. 10 ಹೆಸರಿಗೆ 59,049. ಕೈಯಲ್ಲಿ ಮಾಡಬೇಡಿ, ಪ್ರತಿ ಹೆಸರಿಗೂ ಎರಡು ಪ್ರತಿ ಮಾಡಿ (ಚಿಕ್ಕ ಸೆಟ್ಟಿಗೊಂದು, ದೊಡ್ಡದಕ್ಕೊಂದು), ಷರತ್ತುಗಳೆಲ್ಲ ಒಟ್ಟಿಗೆ ನಿಜವಾಗಬಹುದೇ ಎಂದು ಹುಡುಕುವ ಸ್ಯಾಟ್ ಸಾಲ್ವರ್‌ಗೆ ಕೊಡಿ, ವ್ಯತ್ಯಾಸ ಹುಡುಕಲು ಹೇಳಿ.

ಊಹೆ ಎರಡಕ್ಕೂ ಒಪ್ಪಿ, ಚಿಕ್ಕ ಸೆಟ್ ಒಂದರಲ್ಲಷ್ಟೇ ಸೋತರೆ, ಸೇರಿಸಬೇಕಾದ ನಿಯಮ ಅದರಿಂದಲೇ ಸಿಗುತ್ತದೆ. ಚಿಕ್ಕ ಸೆಟ್‌ನಲ್ಲಿ ಇರುವುದನ್ನೆಲ್ಲ ಸತ್ಯ ಎಂದು ಬರೆಯಿರಿ, ದೊಡ್ಡದರಲ್ಲಿ ಮಾತ್ರ ಇರುವ ಹೆಸರುಗಳನ್ನು ‘ಇದಿದ್ದರೆ ಅದು’ ಎಂದು ಒಂದಕ್ಕೊಂದು ಕಟ್ಟಿ. ಅಕ್ಕ-ತಂಗಿಯ ನಿಯಮ ಬಂದದ್ದು ಹಾಗೆಯೇ.