ಲಾಕ್‌ಡೌನಲ್ಲೂ ಲಿವರ್ ಸ್ಕ್ಯಾನ್ ನಿಲ್ಲಿಸಲಿಲ್ಲ: ಹಾಲಿನ ಡೈರಿ ಚೀಟಿ ಕೈ ಹಿಡೀತು

2020 ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ಕೋಲಾರದ ನನ್ನ ಸ್ಕ್ಯಾನಿಂಗ್ ಸೆಂಟರಿಗೆ ಗರ್ಭಿಣಿಯರು ಬಿಟ್ರೆ ಯಾರೂ ಬರ್ತಿರಲಿಲ್ಲ. ನನಗೆ ಚಿಂತೆ ಹತ್ತಿದ್ದು ಸಿರೋಸಿಸ್ (ಲಿವರ್ ಗಟ್ಟಿಯಾಗೋ ಕಾಯಿಲೆ), ಹೆಪಟೈಟಿಸ್ ಬಿ (ಲಿವರಿಗೆ ಬರೋ ವೈರಸ್ ಸೋಂಕು) ಇರೋರದ್ದು, ಆರಾರು ತಿಂಗಳಿಗೆ ನೋಡ್ಲೇಬೇಕು, ನೋವಿಲ್ಲ ಜ್ವರ ಇಲ್ಲ ಅಂತ ಅವರು ಬರಲ್ಲ, ಒಳಗೆ ಕ್ಯಾನ್ಸರ್ ಗಡ್ಡೆ ಬೆಳೀತಿರುತ್ತೆ. ಎರಡು ತಿಂಗಳು ತಡ ಆದ್ರೂ ನಡೆಯುತ್ತೆ ಅಂತ ಗೈಡ್‌ಲೈನ್ ಬಂತು, ಆದ್ರೆ ನಮ್ಮ ಕಡೆ ಒಂದ್ಸಲ ತಪ್ಪಿಸಿದೋರು ವರ್ಷ ಆದ್ರೂ ತಿರುಗಿ ನೋಡಲ್ಲ.

ಹಳೇ ರಿಜಿಸ್ಟರಿಂದ ಸುಮಾರು 130 ಹೆಸರು ಬರ್ಕೊಂಡೆ. ಎಸ್ಸೆಮ್ಮೆಸ್ ಕಳಿಸಿದ್ರೆ ಬಂದೋರು ಇಬ್ಬರೇ, ಫೋನ್ ಮಾಡಿಸಿದ್ರೆ ಅರ್ಧ ನಂಬರ್ ಸ್ವಿಚ್ ಆಫ್. ಮಿಷನ್ ಊರಿಗೆ ಒಯ್ಯೋಣ ಅಂದ್ರೆ ಭ್ರೂಣದ ಲಿಂಗ ಪತ್ತೆ ತಡೆಯೋ ಪಿಸಿಪಿಎನ್‌ಡಿಟಿ ಕಾಯ್ದೆ ಅಡ್ಡ ಬರುತ್ತೆ. ಕೊನೆಗೆ ಹೊಳೆದಿದ್ದು ಹಾಲಿನ ಡೈರಿ. ಏನೇ ಬಂದ್ ಆದ್ರೂ ಹಾಲು ಹಾಕೋಕೆ ಎರಡು ಹೊತ್ತೂ ಮನೆಗೊಬ್ಬರು ಬರ್ತಾರಲ್ಲ, ಸೆಕ್ರೆಟರಿ ಕೈಲಿ ಚೀಟಿ ಕೊಡಿಸಿದೆ, ಕಾಯಿಲೆ ಹೆಸರಿಲ್ಲ, ಬರೀ ಹೆಸರು ತಾರೀಖು ಟೈಮು. "ಹಾಲಿನ ಕ್ಯಾನಲ್ಲಿ ಕ್ಯಾನ್ಸರ್ ಹುಡುಕ್ತೀಯೇನಪ್ಪ" ಅಂತ ನಕ್ಕ ಡಾಕ್ಟ್ರುಗಳು ಈಗ ಚೀಟಿ ನಮೂನೆ ಕೇಳ್ತಾರೆ. 80ಕ್ಕೂ ಮೇಲೆ ಬಂದ್ರು!

ಕೊರೊನಾ ಅಂತ ಎಸಿ ಆಫ್ ಮಾಡಿದ್ದೆ, ಮಿಷನ್ ಹೀಟಾಗಿ ಬೋರ್ಡೇ ಹೋಯ್ತು, 38 ಸಾವಿರ ಚಿಲ್ಲರೆ. ಆಮೇಲೆ ಕಿಟಕಿ ತೆಗೆದು ಮಿಷನ್ ಹಿಂದೆ ಟೇಬಲ್ ಫ್ಯಾನ್ ಇಟ್ಟೆ. ಆಗ ಫೀಸು 300 ರೂಪಾಯಿ ಮಾತ್ರ, ಆ ವರ್ಷ ಕೈಯಿಂದಾನೇ ಹೋಯ್ತು. ಬೆಂಗಳೂರಿನ ಲಿವರ್ ಡಾಕ್ಟ್ರಿಗೆ ವಾಟ್ಸಾಪಲ್ಲಿ ವಿಡಿಯೋ ಕಳಿಸಿದ್ರೆ ಬರೀ ಮಸುಕು, ಡಾಕ್ಯುಮೆಂಟ್ ಅಂತ ಕಳಿಸಿದ ಮೇಲೆ ಸರಿಹೋಯ್ತು.

ಮುಳಬಾಗಿಲ ಕಡೆಯ ಒಬ್ರು ಯಜಮಾನ್ರು, ಶುಗರ್ ಇತ್ತು, ಹೆಂಡ ಮುಟ್ಟಿದವರಲ್ಲ. ಮಾಸ್ಕಲ್ಲಿ ಉಸಿರು ಹಿಡಿಯೋಕೆ ಆಗ್ತಿಲ್ಲ, ಎಡಕ್ಕೆ ಮಗ್ಗುಲಾಗಿಸಿದೆ, ಪಕ್ಕೆಲುಬಿನ ನೆರಳಿಂದ ಲಿವರಿನ ಆರನೇ ಸೆಗ್ಮೆಂಟ್ (ಬಲಗಡೆ ಕೆಳಭಾಗ) ಆಚೆ ಬಂತು, ಎರಡು ಸೆಂಟಿಮೀಟರ್ ಕಪ್ಪು ಚುಕ್ಕೆ. ಲಿವರ್ ಕ್ಯಾನ್ಸರ್ ಸುಳಿವು ಕೊಡೋ ರಕ್ತ ಪರೀಕ್ಷೆ ಎಎಫ್‌ಪಿ ನಾರ್ಮಲ್, ಅದನ್ನ ನಂಬಿದ್ರೆ ಕೆಟ್ಟೆ. ಟ್ರೈಫೇಸಿಕ್ ಸಿಟೀಲಿ (ಡೈ ಕೊಟ್ಟು ಮೂರು ಹಂತದಲ್ಲಿ ತೆಗೆಯೋ ಸಿಟಿ ಸ್ಕ್ಯಾನ್) ಕ್ಯಾನ್ಸರ್ ಅಂತ ಪಕ್ಕಾ ಆಯ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆ ಒಂದು ಕೋವಿಡ್ ಅಂತ ಎರಡು ಸಲ ಡೇಟ್ ಮುಂದೂಡ್ತು, ಬೇರೆ ಕಡೆ ಆಗಸ್ಟಲ್ಲಿ ಆರ್‌ಎಫ್‌ಎ (ಸೂಜಿ ಹಾಕಿ ಗಡ್ಡೆ ಸುಡೋದು) ಆಯ್ತು, ಗಡ್ಡೆ ಮೂರು ಸೆಂಟಿಮೀಟರ್ ದಾಟಿರಲಿಲ್ಲ, ಹಾಗಾಗಿ ಸುಡೋಕಾಯ್ತು.

ಶ್ರೀನಿವಾಸಪುರದವರೊಬ್ರು ಮಾವಿನ ಕೊಯ್ಲು ಅಂತ ಮೂರು ಚೀಟಿಗೂ ಬರಲಿಲ್ಲ. ಡಿಸೆಂಬರಲ್ಲಿ ಬಂದಾಗ ಪೋರ್ಟಲ್ ವೇನ್ (ಲಿವರಿಗೆ ರಕ್ತ ಒಯ್ಯೋ ದೊಡ್ಡ ನಾಳ) ಪೂರ್ತಿ ಕಟ್ಟಿತ್ತು, ಟೇಸ್ (ಗಡ್ಡೆಯ ರಕ್ತನಾಳಕ್ಕೇ ಔಷಧಿ ಬಿಟ್ಟು ಮುಚ್ಚೋದು) ಮಾಡೋ ಹಾಗಿಲ್ಲ, ಮಾತ್ರೆ ಒಂದೇ. ಅವರ ಮಗನೇ ಈಗ ಆ ಊರಿನ ಡೈರೀಲಿ ಚೀಟಿ ಹಂಚ್ತಾನೆ.