ಯಾರೂ ನೋಡದ ಸಿನಿಮಾ, ವಿಜಯಪುರದ ಸೆಕೆ, ಎರಡು ಬಾಟಲಿ ವೈನ್

ಗೆಳೆಯರು ಕೂಡಿ ಮರೆತುಹೋದ ಸಿನಿಮಾ ನೋಡುವ ಸಂಜೆ ಕೆಡುವುದು ಬಹಳ ಸಲ ಸಿನಿಮಾದಿಂದಲ್ಲ. ಪ್ರಿಂಟ್ ಹರಿದುಹೋಗಿರುತ್ತದೆ, ಮಾತು ಕೇಳಿಸುವುದಿಲ್ಲ, ವೈನ್ ಬಿಸಿಯಾಗಿರುತ್ತದೆ, ಹೆಸರು ಹೇಳಿದವನೇ ಅದನ್ನು ನೋಡಿ ಹದಿನೈದು ವರ್ಷವಾಗಿರುತ್ತದೆ. ಅರ್ಧ ತಾಸಿನಲ್ಲಿ ಒಬ್ಬರ ಕೈಗೆ ಮೊಬೈಲ್ ಬರುತ್ತದೆ. ‘ಅವಾರ್ಡ್ ಪಿಕ್ಚರ್ ಅಂದ್ರ ಹಿಂಗ ಇರ್ತಾವ ಬಿಡೋ’ ಎಂಬಲ್ಲಿಗೆ ಆ ಸಿನಿಮಾದ ಕಥೆ ಮುಗಿಯಿತು. ವಿಜಯಪುರದಲ್ಲಿ ಐದು ಮಂದಿ ಕೂಡುವ ನಮ್ಮ ಕೂಟ ಇದಕ್ಕೆ ಕಂಡುಕೊಂಡ ದಾರಿ ಇಷ್ಟು.

ಸಿನಿಮಾ ಹೇಳುವ ಪಾಳಿ ಸರದಿ ಪ್ರಕಾರ ಬರುತ್ತದೆ. ಪಾಳಿ ಬಂದವರು ಆ ವಾರದೊಳಗೆ ಸಿನಿಮಾವನ್ನು ಮತ್ತೊಮ್ಮೆ ಪೂರ್ತಿ ನೋಡಿಯೇ ಹೆಸರು ಹೇಳಬೇಕು. ಕಾಲೇಜು ದಿನಗಳಲ್ಲಿ ಮೆಚ್ಚಿದ್ದು ಈಗಲೂ ಅಷ್ಟೇ ಚೆಂದ ಇರುತ್ತದೆಂಬ ನಂಬಿಕೆ ಇಲ್ಲ. ಹೇಳುವಾಗ ಮೂರು ಮಾತು ಸಾಕು: ಯಾವ ದೃಶ್ಯಕ್ಕಾಗಿ ನೋಡಬೇಕು, ಎಲ್ಲಿ ಎಳೆದಂತಾಗುತ್ತದೆ, ಎಷ್ಟು ಹೊತ್ತಿನದು. ಕಥೆ ಹೇಳಬಾರದು. ‘ಮಾಸ್ಟರ್‌ಪೀಸ್’ ಅನ್ನಲೂಬಾರದು, ಅಷ್ಟೆತ್ತರಕ್ಕೆ ಏರಿಸಿದ್ದನ್ನು ಕೆಳಗೆ ಇಳಿಸಲೆಂದೇ ಉಳಿದವರು ಕಾದು ಕೂರುತ್ತಾರೆ. ಎಲ್ಲಿ ಸಡಿಲವಾಗಿದೆ ಎಂದು ಮೊದಲೇ ಒಪ್ಪಿಕೊಂಡ ಸಿನಿಮಾಕ್ಕೆ ಜನ ತಾಳ್ಮೆ ತೋರಿಸುತ್ತಾರೆ. ಎರಡು ತಾಸು ಹತ್ತು ನಿಮಿಷಕ್ಕಿಂತ ಉದ್ದದ್ದು ಬೇಡ; ಊಟ, ಮಾತು ಸೇರಿ ನಡುರಾತ್ರಿ ದಾಟುತ್ತದೆ.

ಹಳೆಯ ಕನ್ನಡ ಸಿನಿಮಾ ಎಂದರೆ ದೊಡ್ಡ ತಲೆನೋವು ಪ್ರಿಂಟಿನದು. ಇಂಟರ್‌ನೆಟ್ಟಿನಲ್ಲಿ ಸಿಗುವ ಎಷ್ಟೋ ಪ್ರತಿಗಳಲ್ಲಿ ನಡುವೆ ಒಂದು ರೀಲೇ ಇರುವುದಿಲ್ಲ, ನೋಡುವವರು ‘ನಿರ್ದೇಶಕರಿಗೆ ಜೋಡಿಸಲು ಬರಲಿಲ್ಲ’ ಎಂದುಕೊಳ್ಳುತ್ತಾರೆ. ಕಂಡುಹಿಡಿಯುವುದು ಸುಲಭ. ಮೊದಲಿಗೆ ತೋರಿಸುವ ಸೆನ್ಸಾರ್ ಸರ್ಟಿಫಿಕೇಟಿನ ಮೇಲೆ ಉದ್ದ ಮೀಟರಿನಲ್ಲಿ ಇರುತ್ತದೆ, ಅಲ್ಲಿ ವಿಡಿಯೊ ನಿಲ್ಲಿಸಿ ಓದಿಕೊಳ್ಳಿ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. 3,500 ಮೀಟರ್ ಎಂದಿದ್ದರೆ ಸಿನಿಮಾ ಹೆಚ್ಚುಕಡಿಮೆ 128 ನಿಮಿಷ ಇರಬೇಕು. ನಿಮ್ಮ ಪ್ರತಿ 123 ನಿಮಿಷ ತೋರಿಸಿದರೆ ಗಾಬರಿ ಬೇಡ; ಟಿವಿಗಾಗಿ ಸೆಕೆಂಡಿಗೆ 24 ಫ್ರೇಮಿನ ಬದಲು 25ರಂತೆ ಓಡಿಸಿದ್ದಾರೆ, ಶೇ 4ರಷ್ಟು ಬೇಗ ಮುಗಿಯುತ್ತದೆ, ದನಿ ಕೊಂಚ ಕೀಚಲಾಗುತ್ತದೆ, ಅಷ್ಟೆ. 110 ನಿಮಿಷ ಇದ್ದರೆ ಮಾತ್ರ ಕತ್ತರಿ ಬಿದ್ದಿದೆ ಎಂದು ತಿಳಿದು ಬೇರೆ ಪ್ರತಿ ಹುಡುಕಬೇಕು. ಸರ್ಟಿಫಿಕೇಟನ್ನೇ ಕತ್ತರಿಸಿದ ಪ್ರತಿಯಾದರೆ ಮೊದಲಿಂದ ಕೊನೆಯ ತನಕ ಒಬ್ಬರು ಕೂತು ನೋಡದೆ ಗತಿಯಿಲ್ಲ.

ಇನ್ನೊಂದು ಕಿರಿಕಿರಿ, ಮುಖಗಳೆಲ್ಲ ಅಗಲವಾಗಿ ಕಾಣುವುದು. ಚೌಕಕ್ಕೆ ಹತ್ತಿರದ ಹಳೆಯ ಚಿತ್ರವನ್ನು ಪ್ರೊಜೆಕ್ಟರ್ ಅಗಲಕ್ಕೆ ಎಳೆದಿರುತ್ತದೆ. ಸೆಟ್ಟಿಂಗಿನಲ್ಲಿ ಅಳತೆಯನ್ನು 4:3 ಮಾಡಿ. ಎರಡೂ ಕಡೆ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಯಾವ ಸಿನಿಮಾ ಎಂದರೆ, ಈ ಊರಿನ ಕೂಟಕ್ಕೆ ಎಂ. ಎಸ್. ಸತ್ಯು ಅವರ ‘ಬರ’ದಿಂದ (1982) ಶುರುಮಾಡುವುದು ಒಳ್ಳೆಯದು. ಅನಂತಮೂರ್ತಿಯವರ ಕಥೆ, ಜಿಲ್ಲಾಧಿಕಾರಿಯಾಗಿ ಅನಂತನಾಗ್. ಬರಗಾಲ ಎಂದರೆ ಮಳೆಯ ಲೆಕ್ಕವಲ್ಲ, ಕಡತದ ಲೆಕ್ಕ ಎಂಬುದು ಅದರಲ್ಲಿ ಕಾಣುವಷ್ಟು ಚೊಕ್ಕವಾಗಿ ಬೇರೆಡೆ ಕಂಡಿಲ್ಲ. ಕಂದಾಯ ಇಲಾಖೆಯಲ್ಲಿ ದುಡಿದವರೊಬ್ಬರು ಜೊತೆಗಿದ್ದರೆ ಆಮೇಲಿನ ಮಾತೇ ಬೇರೆ ಮಟ್ಟಕ್ಕೆ ಹೋಗುತ್ತದೆ. ಶಂಕರನಾಗ್ ಹೆಸರು ಬಂದರೆ ಎಲ್ಲರೂ ‘ಮಾಲ್ಗುಡಿ’ಗೆ ಹೋಗುತ್ತಾರೆ, ಹಾಡಿಲ್ಲದ ಅವರ ‘ಆಕ್ಸಿಡೆಂಟ್’ ನೋಡಿದವರು ಕಡಿಮೆ. ಬಿಗಿಯಾದ ಸಿನಿಮಾ, ಹೊಸಬರು ಸೇರಿದ ದಿನಕ್ಕೆ ಹೇಳಿಮಾಡಿಸಿದಂತಿದೆ. ಲೊಕಾರ್ನೊದಲ್ಲಿ 2015ರಲ್ಲಿ ಪ್ರಶಸ್ತಿ ಪಡೆದ ‘ತಿಥಿ’ಗೆ ನಮ್ಮಲ್ಲಿ ಒಂದು ತೊಡಕಿದೆ: ಮಂಡ್ಯದ ಹಳ್ಳಿಯವರೇ ನಟಿಸಿದ್ದರಿಂದ ಆ ಮಾತಿನ ಓಟ ನಮ್ಮ ಕಡೆಯ ಕಿವಿಗೆ ಮೊದಲ ಕಾಲು ತಾಸು ಸಿಗುವುದಿಲ್ಲ. ಕನ್ನಡಕ್ಕೆ ಸಬ್‌ಟೈಟಲ್ ಯಾಕೆ ಎಂಬ ಬಿಗುಮಾನ ಬಿಟ್ಟು ಹಾಕಿಬಿಡಿ. ಅಡೂರ್ ಗೋಪಾಲಕೃಷ್ಣನ್ ಅವರ ಮಲಯಾಳಂನ ‘ಎಲಿಪತ್ತಾಯಂ’ ನಿಧಾನ ನಡಿಗೆಯ ಸಿನಿಮಾ. ಅದಕ್ಕೆ ವೈನನ್ನು ಸಿನಿಮಾ ಮುಗಿದ ಮೇಲೆಯೇ ಸುರಿಯಬೇಕು, ಇಲ್ಲವಾದರೆ ಗೊರಕೆ ಗ್ಯಾರಂಟಿ.

ಬೇಸಿಗೆಯಲ್ಲಿ ಮಾಳಿಗೆ ಮೇಲೆ, ಜೂನ್‌ನಿಂದ ಆಗಸ್ಟ್ ತನಕ ಕೋಣೆಯೊಳಗೆ. ಮಳೆಗಿಂತ ಗಾಳಿಯದೇ ಕಾಟ, ಬಟ್ಟೆಯ ಪರದೆ ಹಾಯಿಯಂತೆ ಉಬ್ಬುತ್ತದೆ. ಹೊಳಪಿಲ್ಲದ ಬಿಳಿ ಡಿಸ್ಟೆಂಪರ್ ಬಳಿದ ಗೋಡೆ ಇದ್ದರೆ ಪರದೆಯೇ ಬೇಡ. 8 ಅಡಿ ಅಗಲದ ಚಿತ್ರಕ್ಕೆ, 1.2 ಥ್ರೋ ಅನುಪಾತದ (ಚಿತ್ರದ ಅಗಲದ 1.2 ಪಟ್ಟು ದೂರ ಬೇಡುವ) ಪ್ರೊಜೆಕ್ಟರನ್ನು 9 ಅಡಿ 7 ಇಂಚು ದೂರ ಇಡಬೇಕು. ಓರೆಯಾಗಿಟ್ಟು, ಸೊಟ್ಟಗಾದ ಚಿತ್ರವನ್ನು ನೇರಮಾಡುವ ಕೀಸ್ಟೋನ್ ಸೆಟ್ಟಿಂಗಿನಿಂದ ಸರಿಮಾಡಿದರೆ ಚಿತ್ರ ಮಬ್ಬಾಗುತ್ತದೆ. ಸ್ಟೂಲಿನ ಕೆಳಗೆ ಇಟ್ಟಿಗೆ ಕೊಟ್ಟು ನೇರ ಮಾಡಿ. ಸ್ಪೀಕರಿಗೆ ಬ್ಲೂಟೂತ್ ಬೇಡ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ವೈರ್ ಹಾಕಿ, ಒಂದೇ ಸ್ಪೀಕರನ್ನು ಪರದೆಯ ಕೆಳಗೆ ನಡುವೆ ಇಟ್ಟು ಬೇಸ್ ಇಳಿಸಿ. ಹಳೆಯ ಮೊನೊ ಧ್ವನಿಯಲ್ಲಿ ಮಾತು ಆಗ ಬಿಡಿಸಿ ಕೇಳುತ್ತದೆ.

ಕರೆಂಟ್ ಹೋಗುವುದಂತೂ ಇದ್ದದ್ದೇ. ಪ್ರೊಜೆಕ್ಟರ್, ಸ್ಪೀಕರ್ ಸೇರಿ 300 ವಾಟ್ ಹಿಡಿಯಿರಿ. 150 ಆಂಪಿಯರ್-ಅವರಿನ ಒಂದು ಬ್ಯಾಟರಿ ಕಾಗದದ ಮೇಲೆ 1,800 ವಾಟ್-ಅವರ್, ನಷ್ಟವೆಲ್ಲ ಕಳೆದು 1,100ರ ಆಸುಪಾಸು ಕೈಗೆ ಸಿಗುತ್ತದೆ. ಮೂರೂವರೆ ತಾಸು, ಅದೂ ಫ್ಯಾನ್ ಅದೇ ಲೈನಿನ ಮೇಲೆ ಇಲ್ಲದಿದ್ದರೆ. ಇನ್ವರ್ಟರಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ. ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲಿ ಪ್ರೊಜೆಕ್ಟರ್ ಆರಿಹೋಗಿ, ಅದರೊಳಗಿನ ಫ್ಯಾನ್ ನಿಂತು ಕಾದ ಲ್ಯಾಂಪಿನ ಆಯುಷ್ಯ ಕಡಿಮೆಯಾಗುತ್ತದೆ.

ವೈನಿಗೆ ನಮ್ಮ ಊರಿನ ಹವೆಯೇ ವೈರಿ. ಸುತ್ತ ದ್ರಾಕ್ಷಿ ತೋಟಗಳಿವೆ ನಿಜ, ಆದರೆ ತಿಕೋಟಾ ಕಡೆಯದು ಬಹುಪಾಲು ಥಾಂಪ್ಸನ್ ಸೀಡ್‌ಲೆಸ್ ಬಗೆಯದು, ತಿನ್ನಲು ಮತ್ತು ಮನೂಕಕ್ಕೆ. ಕೆಂಪು ವೈನಿಗೆ ಬೇಕಾದ ಬಣ್ಣ, ಒಗರು ಅದರ ಸಿಪ್ಪೆಯಲ್ಲಿಲ್ಲ. ಹಾಗಾಗಿ ಬಾಟಲಿ ಕೊಳ್ಳುವುದೇ. ಕೋಣೆಯ ಉಷ್ಣಾಂಶದಲ್ಲಿ ಕುಡಿಯಿರಿ ಎಂಬ ಸಲಹೆಯಲ್ಲಿರುವ ಕೋಣೆ ಯುರೋಪಿನದು, 16ರಿಂದ 18 ಡಿಗ್ರಿಯದು. ಏಪ್ರಿಲ್ ಸಂಜೆ ನಮ್ಮ ಕಪಾಟಿನ ಬಾಟಲಿ 34 ಡಿಗ್ರಿ ಇರುತ್ತದೆ. ಹಾಗೇ ಸುರಿದರೆ ಮೂಗಿಗೆ ಬರೇ ಆಲ್ಕೋಹಾಲಿನ ಘಾಟು. ಫ್ರಿಜ್ಜಿನಲ್ಲಿ ಕೆಂಪಿಗೆ ಒಂದೂವರೆಯಿಂದ ಎರಡು ತಾಸು ಬೇಕು. ತುರ್ತಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿಯನ್ನು ಕುತ್ತಿಗೆ ತನಕ ಮುಳುಗಿಸಿ. ಕೆಂಪಿಗೆ ಹತ್ತು ನಿಮಿಷ, ಬಿಳಿಗೆ ಇಪ್ಪತ್ತೈದು. ಬರೀ ಐಸಿನಲ್ಲಿ ಸಂದುಸಂದಿಗೆ ಗಾಳಿ ಉಳಿಯುವುದರಿಂದ ತಡವಾಗುತ್ತದೆ, ನೀರಾದರೆ ಗಾಜಿಗೆ ಪೂರ್ತಿ ತಾಗುತ್ತದೆ, ಉಪ್ಪು ಅದನ್ನು ಸೊನ್ನೆಗಿಂತ ಕೆಳಗೂ ನೀರಾಗಿಯೇ ಇಡುತ್ತದೆ. ಆಮೇಲೆ ಒದ್ದೆ ಗೋಣಿ ಸುತ್ತಿ ಗಾಳಿಗಿಟ್ಟರೆ ನಮ್ಮ ಒಣ ಬೇಸಿಗೆಯಲ್ಲಿ ತಂಪು ಬೇಗ ಇಳಿಯುವುದಿಲ್ಲ. ಮಳೆಗಾಲದಲ್ಲಿ ಈ ಉಪಾಯ ನಡೆಯದು. ಮಧ್ಯಾಹ್ನ ಬಾಟಲಿಯನ್ನು ಕಾರಿನಲ್ಲಿ ಬಿಟ್ಟರಂತೂ ಕಾರ್ಕ್ ಮೇಲೆದ್ದು ಅಂಚಿನಲ್ಲಿ ಅಂಟು ಜಿನುಗಿರುತ್ತದೆ, ರುಚಿ ಬೆಂದ ಜಾಮಿನದು. ಅದನ್ನು ಐಸು ಉಳಿಸಲಾರದು.

ಐದು ಮಂದಿಗೆ 750 ಮಿ.ಲೀ.ನ ಎರಡು ಬಾಟಲಿ: ತಲೆಗೆ 100 ಮಿ.ಲೀ.ನಂತೆ ಮೂರು ಸಲ. ಶುರುವಿಗೆ ಒಂದು, ಇಂಟರ್ವಲ್ಲಿಗೆ ಒಂದು, ಮೂರನೆಯದು ಮಾತಿಗೆ. ನಾಲ್ಕನೆಯದಕ್ಕೆ ಸಿನಿಮಾ ಬಿಟ್ಟು ರಾಜಕೀಯ ಶುರುವಾಗುತ್ತದೆ. ಗಾಡಿ ಓಡಿಸುವವರಿಗೆ ಶರಬತ್ತು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ, ಅದನ್ನು ಗ್ಲಾಸಿನಲ್ಲಿ ಅಂದಾಜು ಮಾಡಲು ಹೋಗಬಾರದು.

ಕಡಕ್ ರೊಟ್ಟಿಯನ್ನು ಸಿನಿಮಾ ನಡೆವಾಗ ಕೊಡಬೇಡಿ, ಐದು ಬಾಯಿಯ ಕುರುಕುರು ಸದ್ದಿಗೆ ಮೆಲುದನಿಯ ದೃಶ್ಯವೇ ಹೋಗುತ್ತದೆ. ಹುರಿದ ಶೇಂಗಾ ಸಾಕು. ಮಿರ್ಚಿ ಭಜಿಗೆ ಒಗರಿನ ಕೆಂಪು ವೈನ್ ಸೇರಿದರೆ ಖಾರ ಇಮ್ಮಡಿ. ತಣ್ಣಗಿನ, ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಹೊಂದುತ್ತದೆ. ಕರದಂಟು ತಿಂದ ಬಾಯಿಗೆ ಯಾವ ಡ್ರೈ (ಸಿಹಿಯಿಲ್ಲದ) ವೈನೂ ಹುಳಿಯೇ, ಕರದಂಟೇನಿದ್ದರೂ ಗ್ಲಾಸು ತೊಳೆದ ಮೇಲೆ.

ಸಿನಿಮಾ ಮುಗಿದ ಕೂಡಲೇ ‘ಹೆಂಗನಿಸ್ತು?’ ಎಂದು ಕೇಳಿದರೆ ‘ಚಲೋ ಐತಿ’ ಎಂದು ಬರುತ್ತದೆ, ಅಲ್ಲಿಗೆ ಬಾಗಿಲು ಮುಚ್ಚಿತು. ಹೆಸರು ಪಟ್ಟಿ ಪೂರ್ತಿ ಓಡಲಿ, ಮೂರನೇ ಗ್ಲಾಸು ಸುರಿಯಿರಿ, ಆಮೇಲೆ ಕೇಳುವುದು ಇಷ್ಟೇ: ಕಣ್ಣಲ್ಲಿ ಉಳಿದ ಶಾಟ್ ಯಾವುದು, ಕ್ಯಾಮೆರಾ ಆಗ ಎಲ್ಲಿತ್ತು? ಇಬ್ಬರಿಗೆ ಒಂದೇ ಶಾಟ್ ಬೇರೆಬೇರೆ ನೆನಪಾದರೆ ಹಿಂದಕ್ಕೆ ಓಡಿಸಿ ನೋಡುತ್ತೇವೆ. ಅತಿ ಒಳ್ಳೆಯ ಮಾತು ಹುಟ್ಟುವುದು ಆಗಲೇ. ಸಿನಿಮಾ ಹೇಳಿದವರು ಕಟ್ಟಕಡೆಗೆ ಮಾತಾಡಬೇಕು. ಮೊದಲೇ ಮಾತಾಡಿದರೆ ಉಳಿದವರು ಒಂದೋ ಮುಲಾಜಿಗೆ ಬೀಳುತ್ತಾರೆ, ಇಲ್ಲವೇ ಹಟಕ್ಕೆ.

ವೈನ್ ಉಳಿದರೆ ಅದೇ ಬಾಟಲಿಯಲ್ಲಿ ಬಿಡಬೇಡಿ. 200 ಮಿ.ಲೀ.ನ ಚಿಕ್ಕ ಬಾಟಲಿಗೆ ಕಂಠಮಟ್ಟ ತುಂಬಿ, ಗಾಳಿಗೆ ಜಾಗವಿಲ್ಲದಂತೆ ಮುಚ್ಚಳ ಬಿಗಿದು ಫ್ರಿಜ್ಜಿಗಿಟ್ಟರೆ ಮೂರು ದಿನ ಬರುತ್ತದೆ.