ರಾಜೀನಾಮೆಗೆ ಸಹಿ ಹಾಕದೆ ಇಎಸ್‌ಐ ನಿರುದ್ಯೋಗ ಭತ್ಯೆ ಪಡೆದ ನನ್ನ ಅನುಭವ

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಆಸ್ಪತ್ರೆ ಮಾತ್ರ ನೆನಪಾಗುತ್ತದೆ. ಕೆಲಸ ಹೋದ ಮೇಲೂ ಅಲ್ಲಿಂದ ಹಣ ಸಿಗುತ್ತದೆ ಎಂಬುದು ಪೀಣ್ಯದಲ್ಲಿ ನನ್ನ ಜೊತೆ ದುಡಿದವರಲ್ಲಿ ಬಹುಪಾಲು ಜನಕ್ಕೆ ಗೊತ್ತೇ ಇರಲಿಲ್ಲ. ಪ್ರತಿ ತಿಂಗಳು ನಮ್ಮ ಸಂಬಳದಲ್ಲಿ ಶೇ 0.75 ಹಿಡಿಯುತ್ತಾರೆ, ಮಾಲೀಕರು ಶೇ 3.25 ಸೇರಿಸುತ್ತಾರೆ. ನಾವೇ ಕಟ್ಟಿದ ವಿಮೆ ಅದು, ಕೇಳಲು ಸಂಕೋಚ ಬೇಡ. ನಾನು 2023ರಲ್ಲಿ ಕೇಳಿ ಪಡೆದೆ. ಆಗ ನನಗೆ 53 ವರ್ಷ.

ಗ್ರೈಂಡಿಂಗ್ ಸೆಕ್ಷನ್‌ನಲ್ಲಿ 19 ವರ್ಷ ಕೆಲಸ ಮಾಡಿದ್ದೆ. ಆರ್ಡರ್ ಕಡಿಮೆಯಾಗಿದೆ ಎಂದು ಶುರು ಮಾಡಿದರು. ಆದರೆ ಅದೇ ಮೆಷಿನ್‌ಗಳಿಗೆ ಕಾಂಟ್ರಾಕ್ಟ್ ಮೇಲೆ ಹುಡುಗರನ್ನು ತೆಗೆದುಕೊಳ್ಳುತ್ತಲೇ ಇದ್ದರು. ಒಂದು ದಿನ ಊಟದ ನಂತರ ಎಚ್‌ಆರ್ ರೂಮಿಗೆ ಕರೆದು ಒಂದು ಹಾಳೆ ಮುಂದಿಟ್ಟರು. 'ವೈಯಕ್ತಿಕ ಕಾರಣಗಳಿಂದ, ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ' ಎಂದು ಟೈಪ್ ಆಗಿತ್ತು. ಹೆಸರು, ಟೋಕನ್ ನಂಬರ್ ಎಲ್ಲ ಅವರೇ ಹಾಕಿದ್ದರು. ಸಹಿಯ ಜಾಗ ಮಾತ್ರ ಖಾಲಿ. 'ಸಹಿ ಹಾಕಿಬಿಡಿ, ಗ್ರ್ಯಾಚುಟಿ ಚೆಕ್ ಇವತ್ತೇ ಕೊಡ್ತೀವಿ' ಅಂದರು. ಮನೆಗೆ ಕೊಂಡುಹೋಗಿ ಓದಿ ಹೇಳ್ತೀನಿ ಸಾರ್ ಅಂದೆ. ಹಾಳೆ ಕೊಡಲಿಲ್ಲ. ಮರುದಿನ ಫಸ್ಟ್ ಶಿಫ್ಟ್‌ಗೆ ಹೋದರೆ ನನ್ನ ಪಂಚಿಂಗ್ ಕಾರ್ಡ್ ಬ್ಲಾಕ್ ಆಗಿತ್ತು. ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ.

ಆ ಸಹಿ ಹಾಕಿದ್ದರೆ ಮುಂದಿನ ಎಲ್ಲ ಬಾಗಿಲೂ ಮುಚ್ಚುತ್ತಿತ್ತು. ಇಎಸ್‌ಐನ ನಿರುದ್ಯೋಗ ಯೋಜನೆಗಳಲ್ಲಿ ಸ್ವಇಚ್ಛೆಯಿಂದ ಕೆಲಸ ಬಿಟ್ಟವರಿಗೆ, ದುರ್ನಡತೆಗೆ ಶಿಕ್ಷೆಯಾಗಿ ವಜಾ ಆದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ ಭತ್ಯೆ ಇಲ್ಲ. ಲೇಬರ್ ಆಫೀಸಿನಲ್ಲೂ ಮೊದಲು ನೋಡುವುದು ನಾವೇ ಬಿಟ್ಟೆವೋ ಅವರು ತೆಗೆದರೋ ಎಂಬುದನ್ನೇ. ಇನ್ನು ಗ್ರ್ಯಾಚುಟಿ ವಿಷಯ: ಐದು ವರ್ಷ ಸೇವೆ ಆದವರನ್ನು ಕೆಲಸದಿಂದ ತೆಗೆದರೂ ಅದನ್ನು ಕೊಡಲೇಬೇಕು. ರಾಜೀನಾಮೆಗೆ ಬದಲಾಗಿ ಕೊಡುವ ಬಹುಮಾನ ಅಲ್ಲ ಅದು.

ಅದೇ ದಿನ ಕಂಪನಿಗೆ ಪತ್ರ ಬರೆದೆ. ಉದ್ದ ಬೇಕಿಲ್ಲ. 'ಇಂದು ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದಿದ್ದೆ. ಗೇಟಿನಲ್ಲಿ ತಡೆದರು. ನಾನು ರಾಜೀನಾಮೆ ಕೊಟ್ಟಿಲ್ಲ. ಕೆಲಸ ಮಾಡಲು ಸಿದ್ಧನಿದ್ದೇನೆ. ಕೆಲಸಕ್ಕೆ ಸೇರಿಸಿಕೊಳ್ಳಿ, ಇಲ್ಲವೇ ಕಾರಣವನ್ನು ಬರಹದಲ್ಲಿ ತಿಳಿಸಿ.' ಇಷ್ಟೇ. ಸ್ವೀಕೃತಿ ಕಾರ್ಡ್ ಇಟ್ಟು ರಿಜಿಸ್ಟರ್ ಪೋಸ್ಟ್ ಮಾಡಿದೆ. ಜೆರಾಕ್ಸ್ ಪ್ರತಿ ಇಟ್ಟುಕೊಂಡೆ. ಇದು ಯಾಕೆ ಮುಖ್ಯ ಅಂದರೆ, ಸ್ವಲ್ಪ ದಿನ ಬಿಟ್ಟು 'ಹೇಳದೆ ಕೇಳದೆ ಗೈರಾಗಿದ್ದೀರಿ' ಎಂದು ಕಂಪನಿ ನನಗೇ ನೋಟಿಸ್ ಕಳಿಸಿತು. ಅದಕ್ಕೂ ಮುಂಚಿನ ತಾರೀಕಿನ ನನ್ನ ಪತ್ರ, ಅವರೇ ಸಹಿ ಮಾಡಿದ ಪೋಸ್ಟಲ್ ಕಾರ್ಡ್ ನನ್ನ ಕೈಯಲ್ಲಿತ್ತು.

ಈಗ ಭತ್ಯೆಯ ವಿಷಯ. ಇಎಸ್‌ಐನಲ್ಲಿ ಎರಡು ಯೋಜನೆಗಳಿವೆ. 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಫ್ಯಾಕ್ಟರಿ ಮುಚ್ಚಿದಾಗ ಅಥವಾ ಕಾನೂನು ಪ್ರಕಾರ ರಿಟ್ರೆಂಚ್‌ಮೆಂಟ್ (ಕೆಲಸಗಾರರ ಕಡಿತ) ಆದಾಗ ಸಿಗುತ್ತದೆ. ಮೊದಲ 12 ತಿಂಗಳು ದಿನಗೂಲಿಯ ಶೇ 50, ಮುಂದಿನ 12 ತಿಂಗಳು ಶೇ 25. ಕಂಪನಿ ರಿಟ್ರೆಂಚ್‌ಮೆಂಟ್ ಎಂದು ಬರೆಯಲು ಒಪ್ಪದ ಕಾರಣ ನನಗೆ ಇದು ಸಿಗಲಿಲ್ಲ. ನಾನು ಅರ್ಜಿ ಹಾಕಿದ್ದು 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಗೆ. ಮೊದಲು ಅದರಲ್ಲಿ ಶೇ 25 ಕೊಡುತ್ತಿದ್ದರು. ಕೊರೊನಾ ಬಂದ 2020ರಲ್ಲಿ ಅದನ್ನು ಶೇ 50ಕ್ಕೆ ಏರಿಸಿದರು. ಗರಿಷ್ಠ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ.

ಲೆಕ್ಕ ಹೀಗೆ. ಇಎಸ್‌ಐ ವರ್ಷವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ವಂತಿಗೆ ಅವಧಿ ಮಾಡಿದೆ. ಹಿಂದಿನ ನಾಲ್ಕು ಅವಧಿಯ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ತಿಂಗಳಿಗೆ 19,500 ಇತ್ತು ಅಂದುಕೊಳ್ಳಿ: ಎರಡು ವರ್ಷಕ್ಕೆ 4,68,000, ದಿನಕ್ಕೆ 641. ಅದರ ಅರ್ಧ 320 ಚಿಲ್ಲರೆ. 90 ದಿನಕ್ಕೆ ಸುಮಾರು 28,800 ರೂಪಾಯಿ. ದೊಡ್ಡ ಮೊತ್ತ ಅಲ್ಲ, ನಿಜ. ಆದರೆ ಮನೆ ಬಾಡಿಗೆಗೆ ಯಾರ ಮುಂದೆಯೂ ಕೈ ಚಾಚದೆ ಮೂರು ತಿಂಗಳು ತಲೆ ಎತ್ತಿ ಓಡಾಡಿದೆ.

ಕನಿಷ್ಠ ಎರಡು ವರ್ಷ ವಿಮೆಯ ಕೆಲಸದಲ್ಲಿ ಇದ್ದಿರಬೇಕು. ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನ, ಉಳಿದ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು. ಕೆಲಸ ಹೋಗಿ 30 ದಿನ ಆದ ಮೇಲೆ ಅರ್ಜಿ. ಇಎಸ್‌ಐ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ತುಂಬಿಸಿ, ಪ್ರಿಂಟ್ ತೆಗೆದು, ಆಧಾರ್ ಮತ್ತು ಪಾಸ್‌ಬುಕ್ ಪ್ರತಿ ಜೊತೆಗೆ ಶಾಖಾ ಕಚೇರಿಗೆ ಕೊಟ್ಟೆ. ಮೊದಲು ಮಾಲೀಕರ ಮೂಲಕ ಕಳಿಸಬೇಕಿತ್ತು, ಅಫಿಡವಿಟ್ ಬೇಕಿತ್ತು. 2020ರಲ್ಲಿ ಎರಡನ್ನೂ ತೆಗೆದಿದ್ದಾರೆ. ನಮ್ಮನ್ನು ಹೊರಗೆ ಹಾಕಿದವರ ಸಹಿಗೆ ಕಾಯಬೇಕಿಲ್ಲ ಎಂಬುದು ತುಂಬಾ ದೊಡ್ಡ ಅನುಕೂಲ.

ತೊಡಕು ಬಂದದ್ದು ಒಂದೇ ಕಡೆ. ಕಂಪನಿ ತಿಂಗಳ ವಂತಿಗೆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಕೆಲಸ ಬಿಟ್ಟಿದ್ದಾರೆ' ಎಂಬ ಕಾರಣ ಆರಿಸಿತ್ತು. ಶಾಖಾ ಕಚೇರಿಯಲ್ಲಿ ಅಧಿಕಾರಿ ಅದನ್ನೇ ತೋರಿಸಿ ಕೇಳಿದರು. ನನ್ನ ಪತ್ರ, ಪೋಸ್ಟಲ್ ಕಾರ್ಡ್, ಲೇಬರ್ ಆಫೀಸಿಗೆ ನಾನು ಕೊಟ್ಟಿದ್ದ ದೂರಿನ ಪ್ರತಿ ಮೂರನ್ನೂ ಮುಂದಿಟ್ಟೆ. ಅವರು ತಾಳ್ಮೆಯಿಂದ ಓದಿ, ತಾರೀಕು ಹೋಲಿಸಿ, ಪ್ರತಿಗಳನ್ನು ಕಡತಕ್ಕೆ ಸೇರಿಸಿಕೊಂಡರು. ಹಣ ನೇರ ಬ್ಯಾಂಕ್ ಖಾತೆಗೆ ಬಂತು. ಹೆಂಡತಿಯ ಶುಗರ್ ಮಾತ್ರೆ ಇಎಸ್‌ಐ ಡಿಸ್ಪೆನ್ಸರಿಯಲ್ಲೇ ಸಿಗುತ್ತಾ ಇತ್ತು. ಕಟ್ಟಿದ ವಂತಿಗೆಯ ಮೇಲೆ ಚಿಕಿತ್ಸೆಯ ಹಕ್ಕು ಕೆಲಸ ಹೋದ ತಕ್ಷಣ ನಿಲ್ಲುವುದಿಲ್ಲ.

ಭತ್ಯೆ ತೆಗೆದುಕೊಂಡರೆ ಕೇಸು ಬಿಟ್ಟಂತೆ ಎಂದು ಕೆಲವರು ಹೆದರಿಸಿದರು. ಹಾಗೇನಿಲ್ಲ. ಎರಡೂ ಬೇರೆ ಬೇರೆ ದಾರಿ. ಆಗಿನ ಕೈಗಾರಿಕಾ ವಿವಾದಗಳ ಕಾಯ್ದೆಯ 2ಎ ಸೆಕ್ಷನ್ ಪ್ರಕಾರ ಒಬ್ಬನೇ ಕಾರ್ಮಿಕ, ಯೂನಿಯನ್ ಇಲ್ಲದೆಯೂ, ಲೇಬರ್ ಆಫೀಸಿನಲ್ಲಿ ರಾಜಿ ಮಾಡಿಸುವ ಸಂಧಾನಾಧಿಕಾರಿಗೆ ಅರ್ಜಿ ಕೊಡಬಹುದಿತ್ತು. 45 ದಿನ ಕಳೆದರೂ ಬಗೆಹರಿಯದಿದ್ದರೆ ನೇರ ಲೇಬರ್ ಕೋರ್ಟಿಗೆ ಹೋಗಬಹುದಿತ್ತು. ನನ್ನ ವಾದ ಸರಳ. ಅದೇ ಕಾಯ್ದೆಯ 25ಎಫ್ ಸೆಕ್ಷನ್ ಪ್ರಕಾರ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡದೆ ತೆಗೆಯುವಂತಿರಲಿಲ್ಲ. 25ಜಿ ಪ್ರಕಾರ ಸಾಮಾನ್ಯವಾಗಿ ಕೊನೆಗೆ ಸೇರಿದವರು ಮೊದಲು ಹೋಗಬೇಕಿತ್ತು. ನನ್ನ ಸೆಕ್ಷನ್‌ನಲ್ಲಿ ಎಲ್ಲರಿಗಿಂತ ಹಳಬ ನಾನು. ಸಂಬಳ ಜಾಸ್ತಿ ಎಂಬ ಕಾರಣಕ್ಕೆ ಹಳಬರನ್ನೇ ಹುಡುಕಿ ತೆಗೆಯುವುದು ಅನ್ಯಾಯ ಅಲ್ವಾ?

ವಕೀಲರ ಫೀಸಿನ ಚಿಂತೆ ಇದ್ದವರಿಗೆ ಒಂದು ಮಾತು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ನೆರವು ಇದೆ. ಸಹಾಯವಾಣಿ 15100. ನಾನು ಅದನ್ನೇ ಬಳಸಿದೆ.

ಪಿಎಫ್‌ನ ಹಣದಲ್ಲಿ ಬೇಕಾದಷ್ಟು ಮಾತ್ರ ತೆಗೆದೆ. ಪೆನ್ಷನ್ ಮುಟ್ಟಲಿಲ್ಲ. 50 ದಾಟಿದವರು ಬೇಗ ಪೆನ್ಷನ್ ಶುರು ಮಾಡಿಸಬಹುದು, ಆದರೆ 58ಕ್ಕಿಂತ ಮುಂಚಿನ ಪ್ರತಿ ವರ್ಷಕ್ಕೆ ಶೇ 4 ಕಡಿತ, ಅದೂ ಕೊನೆಯವರೆಗೆ. ಕೈ ಖಾಲಿ ಇದ್ದಾಗ ಇದು ಆಸೆ ಹುಟ್ಟಿಸುತ್ತದೆ. ಸಾಧ್ಯವಾದರೆ ತಡೆದುಕೊಳ್ಳಿ.

ಕೊನೆಗೆ ಸಂಧಾನಾಧಿಕಾರಿಯ ಮುಂದೆಯೇ ರಾಜಿ ಆಯಿತು. ಕೆಲಸ ವಾಪಸ್ ಸಿಗಲಿಲ್ಲ. ನೋಟಿಸ್ ಸಂಬಳ, 19 ವರ್ಷದ ಪರಿಹಾರ, ಗ್ರ್ಯಾಚುಟಿ, ಒಳ್ಳೆಯ ಸರ್ವಿಸ್ ಸರ್ಟಿಫಿಕೇಟ್ ಬಂತು. ಈಗ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಹುಡುಗರಿಗೆ ಗ್ರೈಂಡಿಂಗ್ ಕಲಿಸುತ್ತೇನೆ.

ಈಗ ಕೆಲಸ ಕಳೆದುಕೊಂಡವರು ಒಂದು ಬದಲಾವಣೆ ಗಮನಿಸಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ವಿವಾದ ಎತ್ತಲು ಮೊದಲು ಮೂರು ವರ್ಷ ಸಮಯ ಇತ್ತು, ಹೊಸ ಸಂಹಿತೆಯಲ್ಲಿ ಅದು ಎರಡು ವರ್ಷ. ನೋಡೋಣ ಎಂದು ಸುಮ್ನೆ ಕೂರಬೇಡಿ, ಪತ್ರವನ್ನು ಅದೇ ವಾರ ಹಾಕಿ.